ಅನ್ನ ಉಂಡವನ ಹಿಮ್ಮಡಿ

ಪ್ರಶ್ನೆ: ನಂಬಿಕೆದ್ರೋಹದ ಬಗ್ಗೆ ಹೀಬ್ರೂ ಶಾಸ್ತ್ರದಲ್ಲಿ (ಕ್ರೈಸ್ತರ ಹಳೆಯ ಒಡಂಬಡಿಕೆಯಲ್ಲಿ) ಬರುವ ಮಾತುಗಳನ್ನು, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಇಸ್ಕರಿಯೋತನ ಕುರಿತು ಮೊದಲೇ ನುಡಿದ ಮಾತುಗಳೆಂದು ಓದಬಹುದೇ?

‘ನನ್ನ ಸಮಾಧಾನದ ಮನುಷ್ಯ, ನಾನು ನೆಚ್ಚಿಕೊಂಡವನು, ನನ್ನ ರೊಟ್ಟಿ ತಿನ್ನುವವನು, ಅವನೇ ನನ್ನ ಮೇಲೆ ಹಿಮ್ಮಡಿ ದೊಡ್ಡದು ಮಾಡಿದ.’ 41ನೇ ಕೀರ್ತನೆಯ ಒಂದು ವಚನವನ್ನು ಹೀಬ್ರೂವಿನಿಂದ ಪದಕ್ಕೆ ಪದ ಇಟ್ಟು ತಂದರೆ ಹೀಗಾಗುತ್ತದೆ. ಕನ್ನಡ ಬೈಬಲಿನಲ್ಲಿ ಇದು 9ನೇ ವಚನ. ಹೀಬ್ರೂವಿನಲ್ಲಿ ತಲೆಬರಹವನ್ನೂ ಎಣಿಸುವುದರಿಂದ 10ನೆಯದು. ಇಲ್ಲಿ ಕನ್ನಡದ ಎಣಿಕೆಯನ್ನೇ ಇಟ್ಟುಕೊಂಡಿದ್ದೇನೆ.

ರೊಟ್ಟಿಯ ಮಾತನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಂಡ ಮನೆಗೆ ಎರಡು ಬಗೆಯುವವರನ್ನೂ ಉಂಡ ಮನೆಯ ಜಂತೆ ಎಣಿಸುವವರನ್ನೂ ನಾವು ಬಲ್ಲೆವು. ತೊಡಕಿರುವುದು ಹಿಮ್ಮಡಿಯಲ್ಲಿ. ಅದನ್ನು ‘ದೊಡ್ಡದು ಮಾಡುವುದು’ ಎಂದರೆ ಒದೆಯುವುದೋ, ಅಡ್ಡಗಾಲು ಕೊಟ್ಟು ಬೀಳಿಸುವುದೋ, ಬೆನ್ನು ತಿರುಗಿಸಿ ನಡೆದುಬಿಡುವುದೋ, ಇಂದಿಗೂ ಒಮ್ಮತವಿಲ್ಲ. ‘ಅಕೇವ್’ ಎಂಬ ಅದೇ ಪದ ಯೆಹೋಶುವನ ಪುಸ್ತಕದಲ್ಲಿ (8:13) ಊರಿನ ಹಿಂಬದಿಗೆ ಇರಿಸಿದ ದಂಡಿಗೂ ಬಂದಿದೆ. ಅಣ್ಣನ ಹಿಮ್ಮಡಿ ಹಿಡಿದುಕೊಂಡೇ ಹುಟ್ಟಿದ ಯಾಕೋಬನ ಹೆಸರೂ ಇದೇ ಬೇರಿನದು.

ಯೋಹಾನನ ಸುವಾರ್ತೆಯಲ್ಲಿ (13:18) ಕೊನೆಯ ಊಟದ ಹೊತ್ತಿಗೆ ಯೇಸು ಈ ವಚನವನ್ನು ಹೇಳಿ, ಈ ಬರಹ ನೆರವೇರಬೇಕು ಎನ್ನುತ್ತಾನೆ. ಯೂದನ ಕೈಗೆ ಅದ್ದಿದ ರೊಟ್ಟಿಯ ತುಂಡು ಹೋಗುವುದು ಅದಾದ ಸ್ವಲ್ಪ ಹೊತ್ತಿಗೆ. ಅಂದಿನಿಂದ ಕ್ರೈಸ್ತ ಓದುಗರ ಕಣ್ಣಿಗೆ ಆ ಹಿಮ್ಮಡಿ ಯೂದನದು. ಅದು ಸರಿಯೇ ಎಂಬುದು ಇಲ್ಲಿಯ ತಕರಾರು. ಎರಡು ಕಡೆಯ ಬರಹವೂ ನನ್ನದೇ. ಮೊದಲನೆಯದನ್ನು ಬರೆಯುವಾಗ ಅದನ್ನು ಮನಸಾರೆ ನಂಬಿದ್ದೆ. ಎರಡನೆಯದು ಉದ್ದವಾಗಿದೆ. ಅದರಿಂದ ಓದುಗರು ಏನನ್ನು ಊಹಿಸಿಕೊಂಡರೂ ನಾನು ಬೇಡವೆನ್ನುವುದಿಲ್ಲ.

ಪರ: ಈ ವಚನಕ್ಕೆ ಮೊದಲಿನಿಂದಲೂ ಒಂದೇ ಮನೆಯಿಲ್ಲ

41ನೇ ಕೀರ್ತನೆಯಲ್ಲಿ ಯಾರ ಹೆಸರೂ ಇಲ್ಲ. ಕಾಯಿಲೆಯ ಹೆಸರಿಲ್ಲ, ಊರಿಲ್ಲ, ಹಿಮ್ಮಡಿ ಎತ್ತಿದ ಗೆಳೆಯ ಯಾರೆಂಬ ಸುಳಿವಿಲ್ಲ. ಅರಸ ದಾವೀದನ ಹೆಸರಿನಲ್ಲಿ ‘ದಾವೀದನ ಕೀರ್ತನೆ’ ಎಂದು ತಲೆಬರಹವಿದೆಯಲ್ಲ ಎಂದರೆ, ಅಲ್ಲಿರುವುದು ‘ಲೆದಾವೀದ್’. ಆ ‘ಲೆ’ ಒಂದೇ ಅಕ್ಷರ, ಆದರೆ ನಮ್ಮ ಷಷ್ಠಿ, ಚತುರ್ಥಿ ಎರಡನ್ನೂ ಅದೇ ಹೊರುತ್ತದೆ. ದಾವೀದನದು, ದಾವೀದನಿಗೆ, ದಾವೀದನ ಕುರಿತು, ಯಾವುದೂ ಆಗಬಹುದು. ಹೆಸರು ಇಲ್ಲದಿರುವುದು ಬರೆದವನ ಮರೆವಲ್ಲ. ದೇವಾಲಯಕ್ಕೆ ಬಂದ ಯಾವ ನೊಂದವನ ಬಾಯಿಗಾದರೂ ಒಗ್ಗಲಿ ಎಂದೇ ಇಂಥ ಪ್ರಲಾಪಗೀತೆಗಳಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿರುತ್ತದೆ. ಆ ಜಾಗದಲ್ಲಿ ಮುಂದೊಂದು ದಿನ ಯಾರೋ ಯೂದನ ಹೆಸರು ಬರೆದರೆ ಅದನ್ನು ಅತಿಕ್ರಮಣ ಎನ್ನುವುದು ಹೇಗೆ?

ಬರೆದವರಲ್ಲಿ ಯೋಹಾನ ಮೊದಲಿಗನೂ ಅಲ್ಲ. ಹೀಬ್ರೂ ಶಾಸ್ತ್ರದ ಒಳಗೇ ಈ ಮಾತು ಊರಿಂದೂರಿಗೆ ಹೋಗಿದೆ. ಎದೋಮ್ ದೇಶವನ್ನು ಶಪಿಸುವ ಪ್ರವಾದಿ ಓಬದ್ಯ (7ನೇ ವಚನ) ‘ನಿನ್ನ ಸಮಾಧಾನದ ಮನುಷ್ಯರು’ ನಿನ್ನನ್ನು ಮೋಸಗೊಳಿಸಿದರು ಎನ್ನುತ್ತಾನೆ. ಅದೇ ಉಸಿರಿನಲ್ಲಿ ‘ನಿನ್ನ ರೊಟ್ಟಿ’ ಎಂಬ ಪದವೂ ಬರುತ್ತದೆ, ಕಾಲ ಕೆಳಗಿನ ಬಲೆಯೂ ಬರುತ್ತದೆ. ಸಮಾಧಾನ, ರೊಟ್ಟಿ, ಕಾಲು ಮೂರೂ ಇವೆ. ಹಾಸಿಗೆ ಹಿಡಿದ ಒಬ್ಬನ ಜಾಗದಲ್ಲಿ ಒಂದು ರಾಷ್ಟ್ರವೇ ನಿಂತಿದೆ. ಯೆರೆಮೀಯ (20:10) ತನ್ನ ಸಮಾಧಾನದ ಮನುಷ್ಯರೆಲ್ಲ ತಾನು ಎಡವುವುದನ್ನೇ ಕಾಯುತ್ತಿದ್ದಾರೆ ಎಂದು ಗೋಳಿಡುತ್ತಾನೆ. 38ನೇ ಅಧ್ಯಾಯದಲ್ಲಿ ಅದೇ ಮಾತು ಅರಸ ಚಿದ್ಕೀಯನಿಗೆ ತಿರುಗುತ್ತದೆ: ನಿನ್ನ ಸಮಾಧಾನದ ಮನುಷ್ಯರು ನಿನ್ನನ್ನು ಮರುಳು ಮಾಡಿದರು, ನಿನ್ನ ಪಾದ ಕೆಸರಿನಲ್ಲಿ ಹೂತ ಮೇಲೆ ಹಿಂದೆ ಸರಿದರು ಎಂದು ಅರಮನೆಯ ಹೆಂಗಸರು ಹಾಡುವರಂತೆ. ಯಾರು ಯಾರಿಂದ ಎತ್ತಿಕೊಂಡರೋ ಗೊತ್ತುಮಾಡುವುದು ಕಷ್ಟ. ಇದು ಎಲ್ಲರ ನಾಲಿಗೆಯ ಮೇಲಿದ್ದ ನುಡಿಗಟ್ಟು ಎಂಬುದಂತೂ ಸ್ಪಷ್ಟ.

1947ರಲ್ಲಿ ಮೃತ ಸಮುದ್ರದ ಬಳಿ, ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಮೊದಲ ಸುರುಳಿಗಳಲ್ಲಿ ಸ್ತುತಿಗೀತೆಗಳ ಸುರುಳಿಯೂ ಒಂದು. ಅದರಲ್ಲಿ ಹಾಡುವವನು ತನ್ನ ಪಂಗಡದೊಳಗೇ ತನಗೆ ತಿರುಗಿಬಿದ್ದವರ ಬಗ್ಗೆ ಹೇಳುತ್ತ, ನನ್ನ ರೊಟ್ಟಿ ತಿನ್ನುವವರೇ ನನ್ನ ಮೇಲೆ ಹಿಮ್ಮಡಿ ದೊಡ್ಡದು ಮಾಡಿದರು ಎಂದು ಇದೇ ವಚನವನ್ನು ಬಹುವಚನಕ್ಕೆ ತಿರುಗಿಸಿದ್ದಾನೆ. ಸುವಾರ್ತೆ ಹುಟ್ಟುವ ಮೊದಲೇ ಒಬ್ಬ ಯೆಹೂದ್ಯ ಗುರು ತನ್ನ ಶಿಷ್ಯರ ದ್ರೋಹಕ್ಕೆ ಈ ಮಾತನ್ನು ಕಟ್ಟಿದ್ದಾನೆ ಎಂದಾಯಿತು. ಯೋಹಾನ ಮಾಡಿದ್ದೂ ಅದನ್ನೇ.

ಯೆಹೂದ್ಯ ಗುರುಗಳಾದ ರಬ್ಬಿಗಳ ಚರ್ಚೆಗಳನ್ನು ಕೂಡಿಸಿಟ್ಟ, ಅನಂತರದ ತಲ್ಮೂದನ್ನೂ ನೋಡೋಣ. ಸನ್ಹೆದ್ರಿನ್ ಎಂಬ ಭಾಗದಲ್ಲಿ (106ಬಿ) ಒಂದು ಸೊಗಸಾದ ಮೆಟ್ಟಿಲುಸಾಲು ಇದೆ. ದಾವೀದನಿಗೆ ಅವನ ಮಂತ್ರಿ ಅಹೀತೋಫೆಲ ಮೊದಲು ಗುರುವಾಗಿದ್ದ, ಆಮೇಲೆ ಗೆಳೆಯನಾದ, ಕಡೆಗೆ ಶಿಷ್ಯನಾದ ಎಂದು ಅಲ್ಲಿ ಹೇಳಿದೆ. ಗುರು ಎನ್ನುವುದಕ್ಕೂ ಗೆಳೆಯ ಎನ್ನುವುದಕ್ಕೂ 55ನೇ ಕೀರ್ತನೆಯ ‘ನೀನು, ನನ್ನ ಸರಿಸಮಾನನು’ ಎಂಬಲ್ಲಿಂದ ಮುಂದಿನ ಮಾತುಗಳ ಆಧಾರ. ಶಿಷ್ಯ ಎನ್ನುವುದಕ್ಕೆ ಆಧಾರ ‘ನನ್ನ ರೊಟ್ಟಿ ತಿನ್ನುವವನು’. ಗುರುವಿನ ಪಂಕ್ತಿಯಲ್ಲಿ ಉಣ್ಣುವವನು ಶಿಷ್ಯ ಎಂಬ ಲೆಕ್ಕ. ಕೀರ್ತನೆ ಹೇಳದ ಹೆಸರನ್ನು ರಬ್ಬಿಗಳು ಯಾವ ಸಂಕೋಚವೂ ಇಲ್ಲದೆ ತುಂಬಿದ್ದಾರೆ.

ಆ ಅಹೀತೋಫೆಲನ ಕಥೆಯನ್ನು ಸುವಾರ್ತೆಯ ಪಕ್ಕದಲ್ಲಿಟ್ಟು ಓದಿದವರಿಗೆ ನನ್ನ ವಾದದ ಅಗತ್ಯವೇ ಬೀಳದು. ಮಗ ಅಬ್ಷಾಲೋಮ ದಂಗೆಯೆದ್ದಾಗ ದಾವೀದ ಕಿದ್ರೋನ್ ಹಳ್ಳ ದಾಟಿ, ಬರಿಗಾಲಲ್ಲಿ, ತಲೆಗೆ ಮುಸುಕು ಹಾಕಿಕೊಂಡು, ಅಳುತ್ತ ಎಣ್ಣೆಮರಗಳ ಗುಡ್ಡ ಏರುತ್ತಾನೆ (2 ಸಮುವೇಲ 15). ಅಹೀತೋಫೆಲನೂ ಅತ್ತ ಸೇರಿದ ಎಂಬ ಸುದ್ದಿ ಮುಟ್ಟುವುದು ಅಲ್ಲಿ. ಯೇಸುವೂ ಕಿದ್ರೋನ್ ದಾಟಿಯೇ ಹೋಗುತ್ತಾನೆ (ಯೋಹಾನ 18:1). ಇಂದು ರಾತ್ರಿಯೇ ಹನ್ನೆರಡು ಸಾವಿರ ಜನರನ್ನು ಕೊಟ್ಟರೆ ದಣಿದಿರುವ ಅರಸನೊಬ್ಬನನ್ನೇ ಹೊಡೆದುಹಾಕಿ ಉಳಿದವರನ್ನು ಹಿಂದಕ್ಕೆ ತರುತ್ತೇನೆ ಎನ್ನುವುದು ಅಹೀತೋಫೆಲನ ಸಲಹೆ. ಯೂದನೂ ಕತ್ತಲಲ್ಲಿ, ಒಬ್ಬನಿಗಾಗಿಯೇ, ಜನ ಕಟ್ಟಿಕೊಂಡು ಬರುತ್ತಾನೆ. ತನ್ನ ಸಲಹೆ ನಡೆಯಲಿಲ್ಲವೆಂದು ಕಂಡ ಅಹೀತೋಫೆಲ ಕತ್ತೆಗೆ ತಡಿ ಹಾಕಿ, ಊರಿಗೆ ಹೋಗಿ, ಮನೆಯ ವ್ಯವಸ್ಥೆಯನ್ನೆಲ್ಲ ಮುಗಿಸಿ ನೇಣು ಹಾಕಿಕೊಂಡ. ಆ ಜಾಗದಲ್ಲಿ ಹೀಬ್ರೂ ಶಾಸ್ತ್ರದ ಹಳೆಯ ಗ್ರೀಕ್ ಅನುವಾದ ಬಳಸಿದ ಕ್ರಿಯಾಪದವನ್ನೇ ಮತ್ತಾಯ (27:5) ಯೂದನ ಸಾವಿಗೂ ಬಳಸಿದ್ದಾನೆ. ಇದು ಆಕಸ್ಮಿಕ ಎನ್ನಲು ನನ್ನಿಂದಾಗದು.

‘ನೆರವೇರುವುದು’ ಎಂಬ ಪದವೇ ಹಲವರಿಗೆ ಮುಳ್ಳು. ಕೀರ್ತನೆಕಾರ ಗಿಳಿಶಾಸ್ತ್ರದವನಂತೆ ಕುಳಿತು, ಸಾವಿರ ವರ್ಷದ ಮೇಲೆ ಇಂಥವನು ಇಂಥವನಿಗೆ ಮೋಸ ಮಾಡುತ್ತಾನೆ ಎಂದು ಚೀಟಿ ತೆಗೆದ ಎಂದು ಯಾರಾದರೂ ಹೇಳಿದರೆ ನಾನೂ ನಗುತ್ತೇನೆ. ಗ್ರೀಕ್ ಮೂಲದ ಪದಕ್ಕೆ ‘ತುಂಬುವುದು’ ಎಂಬ ಅರ್ಥ. ಪಾತ್ರೆ ಮೊದಲೇ ಇತ್ತು; ಅದರಲ್ಲಿ ಅಹೀತೋಫೆಲನ ಅಳತೆಯಷ್ಟು ನೀರಿತ್ತು, ಕುಮ್ರಾನಿನ ಗುರುವಿನ ಅಳತೆಯಷ್ಟಿತ್ತು. ಆ ರಾತ್ರಿ ಕಂಠದವರೆಗೆ ಬಂತು.

ಯೋಹಾನ ಕಣ್ಣುಮುಚ್ಚಿ ಹೊಂದಿಸಿದವನೂ ಅಲ್ಲ. ಮೂಲದ ‘ನಾನು ನೆಚ್ಚಿಕೊಂಡವನು’ ಎಂಬ ತುಂಡನ್ನು ಅವನು ಬಿಟ್ಟಿದ್ದಾನೆ. ತನ್ನ ಯೇಸುವಿಗೆ ಯೂದನ ಒಳಗು ಮೊದಲೇ ತಿಳಿದಿತ್ತು, ಅವನು ಮೋಸಹೋದವನಲ್ಲ. ಹಾಗಾಗಿ ಆ ಮಾತು ಹೊಂದದು ಎಂದು ಕೈಬಿಟ್ಟ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ತೂಗಿ ನೋಡುವ ಓದುಗನ ಕೆಲಸ ಇದು. ‘ತಿನ್ನುವವನು’ ಎಂಬುದಕ್ಕೆ ಹಳೆಯ ಗ್ರೀಕ್ ಅನುವಾದದ ಸಾದಾ ಪದ ಬಿಟ್ಟು, ಜಗಿದು ತಿನ್ನುವ ಸದ್ದಿರುವ ಇನ್ನೊಂದನ್ನು ಅವನು ಇಟ್ಟಿರುವುದೂ ಹಾಗೆಯೇ. 6ನೇ ಅಧ್ಯಾಯದಲ್ಲಿ ‘ನನ್ನ ಮಾಂಸವನ್ನು ತಿನ್ನುವವನು’ ಎಂಬಲ್ಲಿ ಬಂದದ್ದು ಅದೇ ಪದ. ಜೀವ ಕೊಡುವ ರೊಟ್ಟಿಯೂ ದ್ರೋಹಿಯ ಬಾಯಿಯ ರೊಟ್ಟಿಯೂ ಒಂದೇ ಎಂಬ ಭಯಂಕರ ಮಾತನ್ನು ಅವನು ಒಂದು ಕ್ರಿಯಾಪದದಲ್ಲಿ ಹೇಳಿಬಿಟ್ಟ.

ಮೂಲ ಸಂದರ್ಭದಿಂದ ಆಚೆಗೆ ಒಂದು ಹೆಜ್ಜೆಯೂ ಇಡಬೇಡಿ ಎನ್ನುವವರು ಹಿಂದೆಯೂ ಇದ್ದರು. ಮೊಪ್ಸುವೆಸ್ತಿಯದ ಬಿಷಪ್ ತಿಯೋದೋರ ನಾಲ್ಕೇ ನಾಲ್ಕು ಕೀರ್ತನೆಗಳನ್ನು ನೇರವಾಗಿ ಕ್ರಿಸ್ತನವೆಂದು ಒಪ್ಪಿದ. 41ನೆಯದು ಅದರಲ್ಲಿಲ್ಲ. ಅವನು ಸತ್ತು ನೂರಿಪ್ಪತ್ತೈದು ವರ್ಷದ ಮೇಲೆ, 553ರಲ್ಲಿ, ಕಾನ್ಸ್ಟಾಂಟಿನೋಪಲಿನ ಸಭೆ ಅವನಿಗೆ ಶಾಪ ಹಾಕಿದ್ದು ಅನ್ಯಾಯವೇ. ಆದರೆ ಅವನ ದಾರಿಯಲ್ಲಿ ನಡೆದರೆ ಕೀರ್ತನೆ ಹಳೆಯ ಕಡತವಾಗಿ ಉಳಿಯುತ್ತದೆ. ಪಾಲುದಾರನಿಂದ ಮೋಸಹೋದ ಅಂಗಡಿಯವನೋ ಅಣ್ಣನಿಂದ ಹೊಲ ಕಳೆದುಕೊಂಡವನೋ ರಾತ್ರಿ ಈ ಕೀರ್ತನೆ ತೆರೆದು ‘ನನ್ನ ರೊಟ್ಟಿ ತಿಂದವನು’ ಎಂದು ಓದುವಾಗ ಅವನೂ ಮೂಲ ಸಂದರ್ಭ ಬಿಟ್ಟೇ ಓದುತ್ತಾನೆ. ಅವನಿಗೆ ಬೇಡವೆನ್ನದವರು ಯೋಹಾನನಿಗೆ ಯಾವ ಬಾಯಲ್ಲಿ ಬೇಡವೆನ್ನುತ್ತಾರೆ?

ವಿರೋಧ: ಹಾಸಿಗೆಯಲ್ಲಿ ಮಲಗಿದವನು ಎಲ್ಲಿ ಹೋದ?

ಬೇಡವೆನ್ನುವುದಿಲ್ಲ. ವಚನ ಊರೂರು ತಿರುಗಿದೆ, ತಿರುಗಲಿ. ನನ್ನ ತಕರಾರು ತಿರುಗಾಟದ ಮೇಲಲ್ಲ, ಒಂದು ಊರಿಗೆ ಬಂದ ಮೇಲೆ ಹಿಂದಿನ ಬಾಗಿಲುಗಳನ್ನೆಲ್ಲ ಮುಚ್ಚಿದ್ದರ ಮೇಲೆ. ಕುಮ್ರಾನಿನ ಗುರು ತನ್ನ ನೋವಿಗೆ ಈ ಮಾತನ್ನು ಎರವಲು ತಂದ, ತನ್ನಲ್ಲಿಗೆ ಅದು ಮುಗಿಯಿತು ಎನ್ನಲಿಲ್ಲ. ಅಂಗಡಿಯವನೂ ಎರವಲು ತರುತ್ತಾನೆ, ಬೆಳಗಾದರೆ ವಾಪಸು ಇಡುತ್ತಾನೆ. ‘ನೆರವೇರಿತು’ ಎನ್ನುವವನು ವಾಪಸು ಇಡುವುದಿಲ್ಲ.

ಮೊದಲು ಕೀರ್ತನೆಯನ್ನು ಪೂರ್ತಿ ಓದೋಣ. ಹದಿಮೂರೇ ವಚನ. ದಿಕ್ಕಿಲ್ಲದವನ ಬಗ್ಗೆ ಚಿಂತಿಸುವವನು ಧನ್ಯ ಎಂದು ಆರಂಭ. ಮುಂದೆ ಒಬ್ಬ ಕಾಯಿಲೆಯವನು, ಅವನ ಹಾಸಿಗೆ. ನೋಡಲು ಬಂದವರು ಬಾಯಿಮಾತಿಗೆ ಏನೋ ಹೇಳುತ್ತ, ಮನಸ್ಸಿನೊಳಗೆ ಕೇಡನ್ನು ಕೂಡಿಟ್ಟುಕೊಂಡು, ಹೊರಗೆ ಹೋಗಿ ಅದನ್ನೇ ಹರಡುತ್ತಾರೆ. ಇವನು ಯಾವಾಗ ಸಾಯುತ್ತಾನೋ, ಹೆಸರು ಯಾವಾಗ ಅಳಿಯುತ್ತದೋ ಎಂದು ಪಿಸುಗುಟ್ಟುತ್ತಾರೆ. ಮಲಗಿದವನು ಇನ್ನು ಏಳುವುದಿಲ್ಲ ಎಂದು ಅವರೇ ತೀರ್ಮಾನಿಸಿಬಿಡುತ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಹದಿನೈದು ದಿನ ಮಲಗಿದವರಿಗೆ ಈ ಪಿಸುಮಾತು ಯಾವ ಜಾತಿಯದೆಂದು ಗೊತ್ತಿರುತ್ತದೆ. ಕದ ಅರ್ಧ ಮುಚ್ಚಿರುತ್ತದೆ, ಹೊರಗಿನ ಮಾತು ಅರ್ಧ ಕೇಳಿಸುತ್ತದೆ. ಆ ಸಾಲಿನ ಕಡೆಯಲ್ಲಿ, ಎಲ್ಲರಿಗಿಂತ ಹತ್ತಿರದವನ ಮೇಲೆ ಈ ಹಿಮ್ಮಡಿಯ ಮಾತು. ಅದು ನೋಯುವುದು ಆ ಹಾಸಿಗೆಯಿಂದಾಗಿ. ಎದ್ದು ನಿಲ್ಲಲಾಗದವನು ಹೇಳುವಾಗ ಕಾಲಿನ ಮಾತಿಗೆ ಬೇರೆಯೇ ತೂಕ. ವಚನವನ್ನು ಕಿತ್ತು ಊಟದ ಮೇಜಿಗೆ ತಂದಾಗ ಹಾಸಿಗೆ ಹಿಂದೆ ಉಳಿಯಿತು.

ಇನ್ನೂ ಎರಡು ಹಿಂದೆ ಉಳಿದವು. 4ನೇ ವಚನದಲ್ಲಿ ಅವನು ‘ನನ್ನನ್ನು ವಾಸಿಮಾಡು, ನಿನಗೆ ವಿರೋಧವಾಗಿ ಪಾಪ ಮಾಡಿದ್ದೇನೆ’ ಎನ್ನುತ್ತಾನೆ. 10ನೇ ವಚನದಲ್ಲಿ, ನನ್ನನ್ನು ಏಳಿಸು, ಅವರಿಗೆ ಮುಯ್ಯಿ ತೀರಿಸುತ್ತೇನೆ ಎನ್ನುತ್ತಾನೆ. ಪಾಪವಿಲ್ಲದವನು, ಹಗೆಯನ್ನೂ ಕ್ಷಮಿಸಿದವನು ಎಂದು ಯಾರನ್ನು ನಂಬಿದ್ದೀರೋ ಅವನ ಬಾಯಲ್ಲಿ ಈ ಎರಡನ್ನು ಇಡಿ ನೋಡೋಣ. ಸಂತ ಅಗಸ್ಟೀನ್ ಇಂಥ ಕಡೆಯೆಲ್ಲ ಒಂದು ಉಪಾಯ ಬಳಸುತ್ತಾನೆ: ಪಾಪದ ಮಾತು ಬಂದಾಗ ಕ್ರಿಸ್ತ ತನ್ನ ದೇಹವಾದ ಸಭೆಯ ಪರವಾಗಿ ಮಾತಾಡುತ್ತಾನೆ, ಉಳಿದೆಡೆ ತಲೆಯಾಗಿ ಮಾತಾಡುತ್ತಾನೆ. ಜಾಣತನಕ್ಕೆ ಕೈಮುಗಿಯುತ್ತೇನೆ. ಆದರೆ ಹೊಂದಿದ್ದು ತಲೆಯದು, ಹೊಂದದ್ದು ದೇಹದ್ದು ಎಂದು ಹಂಚುವ ಅನುಕೂಲ ಇದ್ದರೆ ಯಾವ ಪದ್ಯ ಯಾರಿಗೆ ಹೊಂದುವುದಿಲ್ಲ?

ಬಿಟ್ಟ ತುಂಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪರವಾದಿ ಅದನ್ನು ಯೋಹಾನನ ಪ್ರಾಮಾಣಿಕತೆಗೆ ಸಾಕ್ಷಿ ಎಂದ. ನನಗೆ ಅಲ್ಲೇ ಇಡೀ ಕಟ್ಟಡ ಕುಸಿದಂತೆ ಕಾಣುತ್ತದೆ. ‘ನಾನು ನೆಚ್ಚಿಕೊಂಡವನು’ ಎಂಬುದು ಆ ವಚನದ ಅಲಂಕಾರವಲ್ಲ, ನಡುಗಂಬ. ನೆಚ್ಚಿಕೊಂಡಿರಲಿಲ್ಲ ಎಂದಾದರೆ ದ್ರೋಹ ಎಲ್ಲಿಂದ ಬಂತು? ಆರಿಸಿಕೊಂಡವರು ಎಂಥವರೆಂದು ನಾನು ಬಲ್ಲೆ ಎಂದು ಅದೇ ವಚನದಲ್ಲಿ ಯೇಸು ಹೇಳುತ್ತಾನೆ. ಹಿಡಿದುಕೊಡುವವನು ಯಾರೆಂದು ಮೊದಲಿನಿಂದ ಅವನಿಗೆ ಗೊತ್ತಿತ್ತು ಎಂದು 6ನೇ ಅಧ್ಯಾಯ ಹೇಳುತ್ತದೆ. ಹಾಗಿದ್ದ ಮೇಲೆ ಊಟಕ್ಕೆ ಕುಳಿತವರಲ್ಲಿ ಮೋಸಹೋದವನೇ ಇಲ್ಲ. ಕೀರ್ತನೆಯವನಿಗೆ ಏನೂ ಗೊತ್ತಿರಲಿಲ್ಲ; ಗೊತ್ತಾದದ್ದೇ ಅವನ ಕಾಯಿಲೆಗಿಂತ ದೊಡ್ಡ ಕಾಯಿಲೆಯಾಯಿತು. ಅವನನ್ನು ಎಲ್ಲ ಬಲ್ಲವನ ಪಕ್ಕ ನಿಲ್ಲಿಸಿ ಇಬ್ಬರದೂ ಒಂದೇ ನೋವು ಎಂದರೆ ಯಾರಿಗೂ ನ್ಯಾಯವಾಗದು.

ಯೇಸುವನ್ನು ಹಿಡಿದುಕೊಡಲು ಯೂದ ಪಡೆದ ಮೂವತ್ತು ಬೆಳ್ಳಿಯ ಮಾತನ್ನು ಬೇಗ ಮುಗಿಸುತ್ತೇನೆ. ಜೆಕರ್ಯ 11ರಲ್ಲಿ ಆ ಮೂವತ್ತು ಸಿಗುವುದು ಕುರುಬನಾಗಿ ನಿಂತ ಪ್ರವಾದಿಗೆ, ಅವನ ಕೂಲಿಯಾಗಿ. ಎತ್ತು ಹಾದು ಸತ್ತ ದಾಸನಿಗೆ ವಿಮೋಚನಕಾಂಡ (21:32) ಕಟ್ಟಿದ ಬೆಲೆ ಅದು. ‘ಎಂಥ ಭಾರಿ ಬೆಲೆ’ ಎಂಬ ವ್ಯಂಗ್ಯದ ಜೊತೆ ಅವನು ಅದನ್ನು ದೇವಾಲಯದಲ್ಲಿ ಕುಂಬಾರನ ಕಡೆಗೆ ಎಸೆಯುತ್ತಾನೆ. ಅಲ್ಲಿ ಯಾರೂ ಯಾರನ್ನೂ ಮಾರಿಲ್ಲ. ಮತ್ತಾಯ ಅದನ್ನು ಎತ್ತಿಕೊಳ್ಳುವಾಗ ಹೆಸರಿಸುವುದು ಯೆರೆಮೀಯನನ್ನು (27:9). ವ್ಯಾಖ್ಯಾನಕಾರರು ಇದಕ್ಕೂ ಸಮಜಾಯಿಷಿ ಕೊಟ್ಟಿದ್ದಾರೆ, ಇರಲಿ.

ಇದೆಲ್ಲ ಪಂಡಿತರ ಜಗಳವಾಗಿಯೇ ಉಳಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಅದೇ ಅಗಸ್ಟೀನ್ ‘ಅವನ ದಿನಗಳು ಕೆಲವೇ ಆಗಲಿ’ ಎಂಬ ಶಾಪದ ಕೀರ್ತನೆಯನ್ನು (109) ಯೂದನದೆಂದು ಓದುತ್ತ, ಪೇತ್ರ ಹೇಗೆ ಸಭೆಯ ಪ್ರತಿರೂಪವೋ ಹಾಗೆ ಯೂದ ಕ್ರಿಸ್ತನ ಹಗೆಗಳಾದ ಯೆಹೂದ್ಯರ ಪ್ರತಿರೂಪ ಎಂದ. ಒಬ್ಬ ಮನುಷ್ಯನ ಹಿಮ್ಮಡಿ ಒಂದು ಜನಾಂಗದ ಹಿಮ್ಮಡಿಯಾಯಿತು. ಇಟಲಿಯ ಪಾದುವಾದ ಪ್ರಾರ್ಥನಾಮಂದಿರದ ಗೋಡೆಯ ಮೇಲೆ 1305ರ ಸುಮಾರಿಗೆ ಜೊತ್ತೊ ಬರೆದ, ಯೂದ ಯೇಸುವಿಗೆ ಮುತ್ತಿಟ್ಟು ಹಿಡಿದುಕೊಡುವ ಚಿತ್ರದಲ್ಲಿ ಅವನ ಹಳದಿ ನಿಲುವಂಗಿ ಯೇಸುವಿನ ಮೈಯನ್ನು ಬಹುಪಾಲು ಮುಚ್ಚಿಕೊಂಡಿದೆ. ಅದೇ ಮಧ್ಯಯುಗದ ಯುರೋಪಿನ ಹಲವು ಊರುಗಳಲ್ಲಿ ಯೆಹೂದ್ಯರು ಬಟ್ಟೆಯ ಮೇಲೆ ಹಳದಿ ಗುರುತು ಹಾಕಿಕೊಂಡೇ ಓಡಾಡಬೇಕಿತ್ತು. ಯೆಹೂದ್ಯರು ದೇವರಿಂದ ತಿರಸ್ಕೃತರು, ಶಾಪಗ್ರಸ್ತರು ಎಂಬಂತೆ ಚಿತ್ರಿಸಬಾರದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳುವ ಹೊತ್ತಿಗೆ 1965 ಬಂದಿತ್ತು. ಹೀಬ್ರೂ ಕವಿಯೊಬ್ಬ ಹಾಸಿಗೆಯಲ್ಲಿ ಮಲಗಿ ಅತ್ತ ಮಾತು ಅವನ ಮೊಮ್ಮಕ್ಕಳ ಮೊಮ್ಮಕ್ಕಳ ಮೇಲೆ ಕಲ್ಲಾಗಿ ಬಿದ್ದಿತ್ತು. ಯೋಹಾನ ಇದನ್ನು ಬಯಸಿದ್ದ ಎಂದು ನಾನು ಹೇಳುವುದಿಲ್ಲ. ಆದರೆ ಅವನ ಓದಿನ ಬೇಲಿಯೊಳಗೇ ಇದು ಬೆಳೆಯಿತು.

ಇದಕ್ಕಿಂತ ಸಣ್ಣದು, ಆದರೆ ಓದುಗನಾಗಿ ನನಗೆ ಹೆಚ್ಚು ಚುಚ್ಚುವುದು ಇನ್ನೊಂದು ನಷ್ಟ. ಎಲ್ಲ ದ್ರೋಹವನ್ನೂ ಯೂದನ ಅಚ್ಚಿನಲ್ಲಿ ಎರಕ ಹೊಯ್ದ ಮೇಲೆ ಆ ಅಚ್ಚಿಗೆ ಇಳಿಯದ ಮಾತುಗಳನ್ನು ಯಾರೂ ಕೇಳುವುದಿಲ್ಲ. ಸಂಕಟದ ದಿನ ದ್ರೋಹಿಯನ್ನು ನಂಬುವುದು ಮುರುಕು ಹಲ್ಲಿನಂತೆ, ತಪ್ಪುವ ಪಾದದಂತೆ ಎನ್ನುತ್ತದೆ ಜ್ಞಾನೋಕ್ತಿ (25:19). ಹಲ್ಲುನೋವಿನಷ್ಟು ದಿನನಿತ್ಯದ ದ್ರೋಹ ಅದು. ಕಡಿಯುವವರೆಗೆ ಗೊತ್ತಾಗುವುದಿಲ್ಲ. ಮೀಕ (7:5) ಇನ್ನೂ ಒಳಗೆ ಹೋಗಿ, ನಿನ್ನ ಮಗ್ಗುಲಲ್ಲಿ ಮಲಗುವವಳ ಮುಂದೆಯೂ ಬಾಯಿಯ ಬಾಗಿಲು ಕಾದುಕೋ ಎನ್ನುತ್ತಾನೆ. ಸಮಾಜವೇ ಕೊಳೆತ ದಿನಗಳ ಮಾತು ಅದು. ಅಲ್ಲಿ ಒಬ್ಬ ಖಳನಿಲ್ಲ, ಎಲ್ಲರೂ ಹೆದರಿದವರು.

ಯೋಬನ ಮಾತಂತೂ ಇಡೀ ಶಾಸ್ತ್ರದಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು. ‘ನನ್ನ ಸಹೋದರರು ಹಳ್ಳದಂತೆ ದ್ರೋಹ ಮಾಡಿದರು’ (6:15). ಮರಳುನಾಡಿನ ಹಳ್ಳ ಚಳಿಗಾಲದಲ್ಲಿ ಹಿಮ ಕರಗಿ ಕಪ್ಪಗೆ ತುಂಬಿ ಹರಿಯುತ್ತದೆ, ನೀರು ಬೇಕಾದ ಬಿಸಿಲಿನಲ್ಲಿ ಮಾಯವಾಗುತ್ತದೆ. ತೇಮದ ವರ್ತಕರ ಸಾಲು ದಾರಿ ಬಿಟ್ಟು ಅದನ್ನು ಹುಡುಕುತ್ತ ಹೋಗುತ್ತದೆ, ಶೆಬದ ಪ್ರಯಾಣಿಕರು ಅದನ್ನು ಎದುರುನೋಡುತ್ತಾರೆ. ಅಲ್ಲಿಗೆ ಬಂದು ನೋಡಿ ನಾಚುತ್ತಾರೆ, ನೆಚ್ಚಿದ್ದಕ್ಕೆ. ‘ನೆಚ್ಚು’ ಎಂಬುದಕ್ಕೆ ಹೀಬ್ರೂವಿನಲ್ಲಿ ಇಲ್ಲಿರುವ ಬೇರೇ 41ನೇ ಕೀರ್ತನೆಯಲ್ಲೂ ಇದೆ. ಆದರೆ ಈ ಸಹೋದರರು ಯಾರನ್ನೂ ಹಿಡಿದುಕೊಟ್ಟಿಲ್ಲ, ಹಣ ತೆಗೆದುಕೊಂಡಿಲ್ಲ, ಒದ್ದಿಲ್ಲ. ಬಾಯಾರಿದವನು ಬಂದಾಗ ಅಲ್ಲಿರಲಿಲ್ಲ, ಅಷ್ಟೆ. ನಮ್ಮಲ್ಲಿ ಹೆಚ್ಚಿನವರು ಮಾಡುವ ದ್ರೋಹ ಈ ಜಾತಿಯದು. ಅದಕ್ಕೆ ಯೂದ ಬೇಕಾಗಿಲ್ಲ, ಯೂದ ಇದ್ದರೆ ಅದು ಕಾಣುವುದೂ ಇಲ್ಲ.

ಕೊನೆಗೆ ಆ ಅಹೀತೋಫೆಲ. ಪರವಾದಿ ಅವನನ್ನು ಯೂದನ ನೆರಳಾಗಿ ಮಾಡಿ ನಿಲ್ಲಿಸಿದ. ನೆರಳಿಗೆ ಕಾರಣ ಕೇಳುವವರಿಲ್ಲ. ಆದರೆ ಸಮುವೇಲನ ಪುಸ್ತಕ ಎರಡು ಸಣ್ಣ ಸಾಲುಗಳನ್ನು ದೂರದೂರ ಇಟ್ಟಿದೆ. ದಾವೀದ ಮೋಹಿಸಿ ಅರಮನೆಗೆ ಕರೆಸಿಕೊಂಡ, ಬೇರೊಬ್ಬನ ಹೆಂಡತಿಯಾಗಿದ್ದ ಬತ್ಷೆಬೆ ಎಲೀಯಾಮನ ಮಗಳು (11:3). ಎಲೀಯಾಮ ಗೀಲೋ ಊರಿನ ಅಹೀತೋಫೆಲನ ಮಗ (23:34). ಇಬ್ಬರು ಎಲೀಯಾಮರೂ ಒಬ್ಬನೇ ಆದರೆ, ತಲ್ಮೂದಿನ ರಬ್ಬಿಗಳು ಹಾಗೆಯೇ ಹಿಡಿದಿದ್ದಾರೆ, ದಾವೀದ ಕರೆಸಿಕೊಂಡದ್ದು ತನ್ನ ಮಂತ್ರಿಯ ಮೊಮ್ಮಗಳನ್ನು; ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ್ದು ಮೊಮ್ಮಗಳ ಗಂಡ ಊರೀಯನನ್ನು. ಕೊಲ್ಲಿಸುವ ಮೊದಲು ಊರೀಯನನ್ನು ಕರೆದು ತನ್ನೆದುರಿಗೇ ಊಟಕ್ಕೆ ಕೂರಿಸಿದ್ದ, ಕುಡಿಸಿದ್ದ (11:13). ಮರುದಿನ ಅವನ ಮರಣದ ಕಾಗದವನ್ನು ಅವನ ಕೈಯಲ್ಲೇ ಕೊಟ್ಟು ಕಳುಹಿಸಿದ. ರೊಟ್ಟಿ ತಿಂದವನು ಹಿಮ್ಮಡಿ ಎತ್ತಿದ ಎಂದು ಹಾಡಿದವನು ದಾವೀದನೇ ಆಗಿದ್ದರೆ, ರೊಟ್ಟಿ ಕೊಟ್ಟವನು ಏನು ಮಾಡಿದ್ದ ಎಂದು ಕೇಳುವ ಹಕ್ಕು ಊರೀಯನಿಗೆ ಇರಬೇಕಲ್ಲ. ‘ನಿನಗೆ ವಿರೋಧವಾಗಿ ಪಾಪ ಮಾಡಿದ್ದೇನೆ’ ಎಂಬ ಆ 4ನೇ ವಚನ, ಕ್ರಿಸ್ತನ ಬಾಯಲ್ಲಿ ತೊಡಕಾದದ್ದು, ದಾವೀದನ ಬಾಯಲ್ಲಿ ಬೆಂಕಿಯಂತೆ ಕೂರುತ್ತದೆ.

ದಾವೀದನ ರೊಟ್ಟಿ ತಿನ್ನುತ್ತಿದ್ದವರಲ್ಲಿ ಇನ್ನೊಬ್ಬನಿದ್ದ. ಯೋನಾತಾನನ ಮಗ, ದಾವೀದನಿಗೂ ಮೊದಲು ಅರಸನಾಗಿದ್ದ ಸೌಲನ ಮೊಮ್ಮಗ ಮೆಫೀಬೋಶೆತ. ಅವನು ನಿತ್ಯವೂ ಅರಸನ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಎಂದು 2 ಸಮುವೇಲದ 9ನೇ ಅಧ್ಯಾಯ ನಾಲ್ಕು ಸಲ ಹೇಳುತ್ತದೆ. ದಾವೀದ ಓಡಿಹೋಗುವ ದಿನ, ಗುಡ್ಡದ ತುದಿ ದಾಟಿ ಸ್ವಲ್ಪ ಮುಂದೆ, ಮೆಫೀಬೋಶೆತನ ಆಳು ಚೀಬ ಇನ್ನೂರು ರೊಟ್ಟಿ, ನೂರು ದ್ರಾಕ್ಷಿಯ ಅಡೆ, ಒಂದು ಬುದ್ದಲಿ ದ್ರಾಕ್ಷಾರಸ ಹೇರಿದ ಕತ್ತೆಗಳೊಂದಿಗೆ ಎದುರಾಗುತ್ತಾನೆ. ನಿನ್ನ ಯಜಮಾನನ ಮಗ ಮೆಫೀಬೋಶೆತ ಎಲ್ಲಿ ಎಂದು ಅರಸ ಕೇಳುತ್ತಾನೆ. ಅವನು ಯೆರೂಸಲೇಮಿನಲ್ಲೇ ಕುಳಿತಿದ್ದಾನೆ, ಅಜ್ಜನ ರಾಜ್ಯ ತನಗೆ ಬರುತ್ತದೆಂದು ಕಾಯುತ್ತಿದ್ದಾನೆ ಎನ್ನುತ್ತಾನೆ ಚೀಬ. ರೊಟ್ಟಿ ತಿಂದವನೇ! ದಾವೀದ ಮರುಪ್ರಶ್ನೆ ಹಾಕದೆ ಮೆಫೀಬೋಶೆತನ ಆಸ್ತಿಯೆಲ್ಲ ಚೀಬನಿಗೆ ಬರೆದುಬಿಟ್ಟ.

ದಂಗೆ ಅಡಗಿ ಅರಸ ಮರಳಿದಾಗ ಮೆಫೀಬೋಶೆತ ಎದುರುಗೊಳ್ಳಲು ಬಂದ. ಅರಸ ಹೋದ ದಿನದಿಂದ ಪಾದಕ್ಕೆ ಆರೈಕೆಯಿಲ್ಲ, ಗಡ್ಡಕ್ಕೆ ಕತ್ತರಿಯಿಲ್ಲ, ಬಟ್ಟೆ ಒಗೆದಿಲ್ಲ. ನನ್ನ ಆಳು ನನಗೆ ಮೋಸ ಮಾಡಿದ. ಕತ್ತೆಗೆ ತಡಿ ಹಾಕಿಸಿ ಒಡೆಯನ ಜೊತೆ ಹೋಗುತ್ತೇನೆ ಎಂದಿದ್ದೆ ಎನ್ನುತ್ತಾನೆ. ದಾವೀದನಿಗೆ ಬೇಸರ. ಮಾತು ಸಾಕು, ನೀನೂ ಚೀಬನೂ ಹೊಲ ಹಂಚಿಕೊಳ್ಳಿ ಎಂದುಬಿಡುತ್ತಾನೆ. ಅವನು ಈ ಮಾತಾಡಿದಾಗ, ನಿನ್ನ ರಾಜ್ಯವನ್ನೂ ಇಬ್ಬರು ಹಂಚಿಕೊಳ್ಳುತ್ತಾರೆ ಎಂದು ಆಕಾಶವಾಣಿಯಾಯಿತೆಂದು ತಲ್ಮೂದು (ಶಬ್ಬಾತ್ 56ಬಿ) ಹೇಳುತ್ತದೆ. ಚಾಡಿ ನಂಬಿದ ಅರಸನ ಮೇಲೆ ರಬ್ಬಿಗಳಿಗೆ ಅಷ್ಟು ಸಿಟ್ಟು. ಸಮುವೇಲನ ಪುಸ್ತಕ ಮಾತ್ರ ಇಬ್ಬರಲ್ಲಿ ಸುಳ್ಳು ಹೇಳಿದವನು ಯಾರೆಂದು ಕೊನೆಗೂ ಬಿಟ್ಟುಕೊಡುವುದಿಲ್ಲ. ಅರಸ ಸುಖವಾಗಿ ಬಂದನಲ್ಲ, ಎಲ್ಲವನ್ನೂ ಚೀಬನೇ ತೆಗೆದುಕೊಳ್ಳಲಿ ಎಂದು ಮೆಫೀಬೋಶೆತ ಹೇಳಿದ ಎಂಬಲ್ಲಿಗೆ ಆ ಪ್ರಸಂಗ ನಿಲ್ಲುತ್ತದೆ. ಅರಸನ ರೊಟ್ಟಿ ತಿಂದು ಹಿಮ್ಮಡಿ ಎತ್ತಿದ ಎಂಬ ಆರೋಪ ಹೊತ್ತವನು ಅವನು. ಐದು ವರ್ಷದವನಿದ್ದಾಗ ದಾದಿಯ ಕೈಯಿಂದ ಬಿದ್ದು ಅವನ ಎರಡು ಕಾಲೂ ಊನವಾಗಿದ್ದವು.